ಎದೆಯ ಎರಡನೇ ಫೋಟೋ

ಬಾಬಣ್ಣ ತೀರಿಕೊಂಡ. ಕಳೆದ ಮಂಗಳವಾರ ಬೆಳಿಗ್ಗೆ ಬೆಟಗೇರಿಯ ತನ್ನ ಮನೆಯಲ್ಲಿ ಚಹಾ ಕುಡಿಯುತ್ತ ಕುಳಿತವನು ಹಾಗೆಯೇ ಗೋಡೆಗೆ ಒರಗಿದ. ಹೃದಯ ನಿಂತಿತ್ತು. ಐವತ್ತು ದಾಟಿ ಹೆಚ್ಚೇನೂ ಆಗಿರಲಿಲ್ಲ. ಗದಗಿನ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಮಾಡುತ್ತಿದ್ದ. ಹೆಂಡತಿ ರೋಹಿಣಿ, ತಾಯಿ ಸಾವಂತ್ರೆವ್ವ ಇದ್ದಾರೆ. ಪತ್ರಿಕೆಯಲ್ಲಿ ಇಷ್ಟೇ ಬಂತು. ಬಂದದ್ದರಲ್ಲಿ ತಪ್ಪಿಲ್ಲ, ಆದರೆ ಅದನ್ನು ಓದಿದವರಿಗೆ ನಮ್ಮ ಬಾಬಣ್ಣ ಎಂಥವನೆಂದು ತಿಳಿಯುವುದಿಲ್ಲ.

ಅವನು ಸಂಶಯದ ಮನುಷ್ಯ. ನೇಕಾರರ ಮನೆಯಲ್ಲಿ ಹುಟ್ಟಿದವನು. ಮಗ್ಗದಿಂದ ಇಳಿದ ಸೀರೆಯನ್ನು ಸಾವಂತ್ರೆವ್ವ ಬಾಗಿಲ ಬೆಳಕಿಗೆ ಹಿಡಿದು, ಎಳೆ ತಪ್ಪಿದ ಜಾಗ ಹುಡುಕುವುದನ್ನು ನೋಡುತ್ತ ಬೆಳೆದಿದ್ದ. ಅದೇ ರೂಢಿ ಅವನಿಗೂ ಹತ್ತಿತ್ತು. ಔಷಧದ ಬಾಟಲಿ, ಮದುವೆಯ ಕಾರ್ಡು, ಹೊಸ ಅಂಗಿಯ ತೋಳು, ಕೈಗೆ ಬಂದ ಎಲ್ಲವನ್ನೂ ಬೆಳಕಿಗೆ ಹಿಡಿಯುತ್ತಿದ್ದ.

“ನಾ ಮಾಡಿದ ರೊಟ್ಟಿನೂ ಬೆಳಕಿಗಿ ಹಿಡದ ತಿಂತಾರ ನೋಡ್ರಿ ಇವರು” ಎಂದು ರೋಹಿಣಿ ಮನೆಗೆ ಬಂದವರೆದುರು ದೂರುತ್ತಿದ್ದಳು.

“ತೂತ ಇದ್ರ ಗೊತ್ತಾಗಬೇಕಲ್ಲ” ಎನ್ನುತ್ತಿದ್ದ ಬಾಬಣ್ಣ, ರೊಟ್ಟಿ ಮುರಿಯುತ್ತ.

ನಮ್ಮ ಕಡೆ ಎದೆಯ ಎಕ್ಸ್‌ರೇ ತೆಗೆಯುವವನಿಗೆ ಬೇರೆ ಕಡೆ ಇಲ್ಲದ ಒಂದು ತೊಡಕಿದೆ. ಲಿಂಗವಂತರು ಕೊರಳಲ್ಲಿ ಇಷ್ಟಲಿಂಗ ಕಟ್ಟಿರುತ್ತಾರೆ. ಹಿರಿಯರಲ್ಲಿ ಅನೇಕರು ಅದನ್ನು ಬೆಳ್ಳಿಯ ಕರಡಿಗೆಯಲ್ಲಿ ಇಟ್ಟುಕೊಳ್ಳುತ್ತಾರೆ. ಮುಚ್ಚಳವಿರುವ ಆ ಪುಟ್ಟ ಸಂಪುಟ ಸರಿಯಾಗಿ ಎದೆಯ ಮೇಲೆ ತೂಗುತ್ತದೆ. ಬೆಳ್ಳಿಯನ್ನು ದಾಟಿ ಕಿರಣ ಹೋಗುವುದಿಲ್ಲ. ಫಿಲ್ಮಿನಲ್ಲಿ ಅಲ್ಲೊಂದು ಬೆಳ್ಳಗಿನ ಮಚ್ಚೆ ಬೀಳುತ್ತದೆ. ಅದರ ಮರೆಯಲ್ಲಿ ಶ್ವಾಸಕೋಶಕ್ಕೆ ಏನಾಗಿದ್ದರೂ ಕಾಣುವುದಿಲ್ಲ. ತೆಗೆದಿಡಿ ಎಂದರೆ ಯಾರೂ ತೆಗೆದಿಡುವುದಿಲ್ಲ, ದೇಹದಿಂದ ಲಿಂಗ ಅಗಲಬಾರದು. ಬೆನ್ನಿಗೆ ಸರಿಸಿದರೂ ಉಪಯೋಗವಿಲ್ಲ, ಕಿರಣ ಬರುವುದೇ ಬೆನ್ನಿನ ಕಡೆಯಿಂದ.

ಬಾಬಣ್ಣ ಕೆಲಸಕ್ಕೆ ಸೇರಿದ ಹೊಸದರಲ್ಲಿ ಶಿರಹಟ್ಟಿ ಕಡೆಯ ವೃದ್ಧ ಅಯ್ಯನವರೊಬ್ಬರು ಅವನ ಪೇಚಾಟ ನೋಡಿ ನಕ್ಕಿದ್ದರು. “ಲಿಂಗ ಎದಿ ಮ್ಯಾಲ ಅಷ್ಟ ಇರಬೇಕಂತ ಯಾರ ಹೇಳ್ಯಾರೋ ತಮ್ಮಾ? ತಲಿ ಮ್ಯಾಲ ಧರಿಸಾಕ ಬರ್ತೈತಿ. ಉತ್ತಮಾಂಗ ಅಂತಾರ ಅದಕ್ಕ. ಒಂದ ಸ್ವಚ್ಛ ಅರಿವಿ ಕೊಡು, ಕಟಗೊಂತೀನಿ.” ಮರುದಿನವೇ ಬಾಬಣ್ಣ ತಾಯಿ ನೇಯ್ದ ಬಿಳಿ ಬಟ್ಟೆಯ ತುಂಡುಗಳನ್ನು ತಂದು ಎಕ್ಸ್‌ರೇ ಕೋಣೆಯಲ್ಲಿ ಇಟ್ಟ. ಲಿಂಗ ಧರಿಸಿದವರು ಬಂದರೆ ಬಟ್ಟೆ ಕೊಟ್ಟು, ತಲೆಯ ಮೇಲೆ ಕಟ್ಟಿಕೊಳ್ಳುವವರೆಗೆ ಅತ್ತ ತಿರುಗಿ ನಿಲ್ಲುತ್ತಿದ್ದ. ಒಬ್ಬರು ಕಟ್ಟಿದ್ದನ್ನು ಒಗೆಯದೆ ಇನ್ನೊಬ್ಬರಿಗೆ ಕೊಡುತ್ತಿರಲಿಲ್ಲ. ಅವಸರದ ವೈದ್ಯರು ಬೈದರೂ ಈ ಪದ್ಧತಿ ಬಿಡಲಿಲ್ಲ.

ಅದನ್ನು ಅವನು ಬಿಟ್ಟದ್ದು ಎಐ ಬಂದ ಮೇಲೆ.

ಆಸ್ಪತ್ರೆಗೆ ಒಂದು ವ್ಯಾನು ಬಂತು. ಅದರೊಳಗೆ ಎಕ್ಸ್‌ರೇ ಯಂತ್ರ, ಜೊತೆಗೆ ಫಿಲ್ಮನ್ನು ತಾನೇ ಓದುವ ಕಂಪ್ಯೂಟರು. ಹಳ್ಳಿಹಳ್ಳಿಗೆ ಹೋಗಿ ಕ್ಷಯ ಹುಡುಕುವ ಶಿಬಿರಗಳಿಗೆಂದು ತಂದದ್ದು. ಚಿತ್ರ ತೆಗೆದ ಕ್ಷಣದಲ್ಲೇ ಸಂಶಯವಿರುವ ಜಾಗಕ್ಕೆ ಕೆಂಪು ಬಣ್ಣ ಬಳಿದು ತೋರಿಸುತ್ತಿತ್ತು. ಕೆಂಪು ಬಿದ್ದವರ ಫಿಲ್ಮು ವೈದ್ಯರಿಗೆ, ಕಫ ಪ್ರಯೋಗಾಲಯಕ್ಕೆ. ಬೀಳದವರು ಮನೆಗೆ. ಕಲಿಸಲು ಕಂಪನಿಯ ಕಡೆಯಿಂದ ಕಿಶೋರ ಎಂಬ ನಗುಮುಖದ ತರುಣ ಬಂದಿದ್ದ.

“ಬಾಬಣ್ಣಾರ, ಇದು ನಿಮ್ಮ ಕೆಲಸಾ ಕಸಗೊಳ್ಳಂಗಿಲ್ರಿ” ಎಂದ ಅವನು, ಯಾರೂ ಕೇಳದಿದ್ದರೂ.

“ನಾ ಕೇಳೇ ಇಲ್ಲಲ್ಲೋ ತಮ್ಮಾ. ಕೇಳೂಕಿಂತ ಮೊದಲ ಹೇಳಾಕತ್ತಿ ಅಂದ್ರ ಏನೋ ಐತಿ.”

ಬಾಬಣ್ಣ ಅದನ್ನು ಕಳ್ಳನನ್ನು ವಿಚಾರಿಸುವಂತೆ ವಿಚಾರಿಸಿದ. ಒಂದೇ ಫಿಲ್ಮನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಓದಿಸಿ ಮಾತು ಬದಲಿಸುತ್ತದೆಯೇ ಎಂದು ನೋಡಿದ. ತನ್ನ ಅಂಗಿಯ ಜೇಬಿನಲ್ಲಿ ನಾಣ್ಯವಿಟ್ಟುಕೊಂಡು ತಾನೇ ಯಂತ್ರದ ಮುಂದೆ ನಿಂತ. ಇದು ಯಾರ ಎದೆ ನೋಡಿ ಕಲಿತಿದೆ, ಯಾವ ದೇಶದವರು, ಹೊಗೆಯ ಒಲೆ ಊದಿದವರೋ ಅಲ್ಲವೋ ಎಂದು ಕೇಳಿದ. ಕಿಶೋರನಿಗೆ ಅರ್ಧ ಗೊತ್ತಿತ್ತು, ಅರ್ಧ ಗೊತ್ತಿರಲಿಲ್ಲ.

“ಇದಕ್ಕ ಲಿಂಗ ಗೊತ್ತೈತೇನು?”

“ಎದರ ಲಿಂಗರೀ?”

“ಆತು ಬಿಡು. ನಿನಗ ಗೊತ್ತಿಲ್ಲ ಅಂದ್ರ ಅದಕ್ಕೆಲ್ಲಿ ಗೊತ್ತಿರತೈತಿ.”

ಗೊತ್ತಿರಲಿಲ್ಲ. ಮೊದಲ ಶಿಬಿರದಲ್ಲೇ ಯಂತ್ರ ಕರಡಿಗೆಯ ಬಿಳಿ ಮಚ್ಚೆಗೆ ಕೆಂಪು ಬಳಿಯಿತು. ಬಾಬಣ್ಣನಿಗೆ ಆದ ಸಂತೋಷ ಹೇಳತೀರದು. ಬೇಕೆಂದೇ ಬಟ್ಟೆ ಕೊಡದೆ ಇನ್ನೊಬ್ಬರನ್ನು ನಿಲ್ಲಿಸಿದ, ಮತ್ತೆ ಕೆಂಪು. “ನೋಡ್ರಿ, ನೋಡ್ರಿ! ದೇವರನ್ನ ರೋಗ ಅನ್ನಾಕತ್ತೈತಿ ಇದು!” ಎಂದು ಇಡೀ ಶಿಬಿರಕ್ಕೆ ತೋರಿಸಿದ. ಜನ ನಕ್ಕರು. ಅಂದಿನಿಂದ ಯಂತ್ರಕ್ಕೆ ಅವನಿಟ್ಟ ಹೆಸರು ‘ಕುರುಡಪ್ಪ’.

ಆಸ್ಪತ್ರೆಯ ವೈದ್ಯೆ ಡಾಕ್ಟರ್ ಸ್ನೇಹಾ ಮುಂಡರಗಿಯ ವ್ಯಾಪಾರಸ್ಥರ ಮನೆತನದ ಹೆಣ್ಣುಮಗಳು. ಅವರ ಕೊರಳಲ್ಲೂ ಲಿಂಗವಿತ್ತು. ಕರಡಿಗೆಯ ಕಾರಣಕ್ಕೆ ಆರೋಗ್ಯವಂತರೆಲ್ಲ ಕಫ ಕೊಡಲು ಸಾಲುಗಟ್ಟುವುದನ್ನು ತಪ್ಪಿಸಲು ಅವರು ಕಿಶೋರನಿಗೆ ಹೇಳಿ ಪರದೆಯ ಮೇಲೊಂದು ಗುಂಡಿ ಮಾಡಿಸಿದರು. ‘ಮೈಮೇಲಿನ ವಸ್ತು’ ಎಂದಿದ್ದ ಆ ಗುಂಡಿ ಒತ್ತಿದರೆ ಕೆಂಪು ಅಳಿಸಿಹೋಗುತ್ತಿತ್ತು, ಫಿಲ್ಮು ವೈದ್ಯರವರೆಗೆ ಹೋಗುತ್ತಿರಲಿಲ್ಲ. ಒತ್ತುವ ಅಧಿಕಾರ ಬಾಬಣ್ಣನದು.

ಗುಂಡಿ ಬಂದ ಮೇಲೆ ಬಟ್ಟೆ ಯಾಕೆ ಬೇಕು? ಶಿಬಿರಗಳಲ್ಲಿ ಜನ ಬಿಸಿಲಿಗೆ ನಿಂತಿರುತ್ತಾರೆ. ಲಿಂಗ ಬಿಚ್ಚಿ ತಲೆಗೆ ಕಟ್ಟಿಸಲು ಹೊತ್ತು ಹಿಡಿಯುತ್ತದೆ. ಕೆಂಪು ಬಿದ್ದರೆ ಬೀಳಲಿ, ಒತ್ತಿದರಾಯಿತು. ಪ್ರತಿ ಸಲ ಒತ್ತುವಾಗಲೂ ಅವನಿಗೊಂದು ಗೆಲುವಿನ ಸುಖ. ಬಟ್ಟೆಗಳು ಆಸ್ಪತ್ರೆಯ ಕಪಾಟಿನಲ್ಲೇ ಉಳಿದವು.

ಹಾಗೆಂದು ಯಂತ್ರ ಯಾವಾಗಲೂ ತಪ್ಪುತ್ತಿತ್ತೆಂದಲ್ಲ. ಬೆಟಗೇರಿಯ ಬೀಬಿಜಾನ ಎಂಬ ಹೊಲಿಗೆಯವಳ ಫಿಲ್ಮಿನಲ್ಲಿ ಭುಜದೆಲುಬಿನ ಅಡಿಯ ಉಗುರಷ್ಟು ನೆರಳನ್ನು ಅದು ಹಿಡಿಯಿತು. ಬಾಬಣ್ಣನ ಕಣ್ಣಿಗೆ ಬಿದ್ದಿರಲಿಲ್ಲ, ವೈದ್ಯೆಯೂ ಎರಡು ಸಲ ನೋಡಿದ ಮೇಲೆ ಒಪ್ಪಿದರು. ಅಂದು ಅವನು ಮನೆಗೆ ಬಂದು ರೋಹಿಣಿಗೆ ಹೇಳಿದ: “ಕುರುಡಪ್ಪ ಖರೇನೂ ಹೇಳ್ತೈತಿ. ಅದ ತ್ರಾಸು. ಬರೇ ಸುಳ್ಳ ಹೇಳಿದ್ರ ಹೊರಗ ಒಗೀಬಹುದಿತ್ತು.”

ಕೊರ್ಲಹಳ್ಳಿಯ ಶಿಬಿರಕ್ಕೆ ಬಂದ ಅನ್ನಪೂರ್ಣವ್ವ ನದಿ ದಂಡೆಯಲ್ಲಿ ಹೊಲ ಇದ್ದವಳು, ಅರವತ್ತರ ಆಚೀಚಿನ ಗಟ್ಟಿ ಹೆಂಗಸು. ಕೆಮ್ಮುತ್ತ ಬಂದು, “ಒಲಿ ಹೊಗಿರಿ ಯಪ್ಪಾ, ಮತ್ತೇನಿಲ್ಲ. ಸೊಸಿ ಕಾಟಕ್ಕ ಬಂದೇನಿ” ಎಂದು ನಕ್ಕಳು. ಎದೆಯ ಮೇಲೆ ಕರಡಿಗೆ. ಬಾಬಣ್ಣ ಫೋಟೋ ತೆಗೆದ. ಕೆಂಪು ಬಿತ್ತು. ಕರಡಿಗೆಯ ಮೇಲೆ ಬಿತ್ತು, ಅದರ ಅಂಚು ದಾಟಿ ಕೊರಳೆಲುಬಿನ ಕಡೆಗೂ ತುಸು ಹರಡಿತು. ಅದನ್ನು ಅವನು ನೋಡಿದ. ನೋಡಿದೆ ಎಂದು ಆಮೇಲೆ ಅವನೇ ಹೇಳಿದ್ದು. ಬೆರಳು ಆಗಲೇ ಗುಂಡಿಯ ಮೇಲಿತ್ತು.

“ಏನೂ ಇಲ್ರಿ ಯವ್ವಾ. ಮಷೀನಿಗೆ ನಿಮ್ಮ ಲಿಂಗ ಕಂಡೈತಿ. ಹೋಗಿ ಬರ್ರಿ.”

“ಛಲೋ ಆತು ಬಿಡಪಾ. ಅದಕ್ಕಾದ್ರೂ ಕಂಡ್ತಲ್ಲ” ಎಂದು ಅವಳು ಹೊರಟುಹೋದಳು.

ಮಳೆಗಾಲ ಕಳೆಯಿತು. ಪ್ರಯೋಗಾಲಯದಲ್ಲಿ ಕಫ ಪರೀಕ್ಷೆ ಮಾಡುವ ಕೊಟ್ರೇಶ ಬಾಬಣ್ಣನ ಹಳೆಯ ಸಂಗಾತಿ. ಇಬ್ಬರೂ ಒಬ್ಬರನ್ನೊಬ್ಬರು ಕೆಣಕದೆ ಚಹಾ ಕುಡಿದವರಲ್ಲ. ಒಂದು ದಿನ ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ಕೊಟ್ರೇಶ ಚಹಾದ ಬಸಿ ಕೆಳಗಿಟ್ಟು ಹೇಳಿದ:

“ಲೇ ಬಾಬ್ಯಾ, ನಿನ್ನ ಕ್ಯಾಂಪಿನಿಂದ ಬರೂ ಮಂದ್ಯಾಗ ನಮ್ಮವರು ಒಬ್ಬರೂ ಇಲ್ಲಲ್ಲೋ.”

“ನಿಮ್ಮವರು ಅಂದ್ರ?”

“ಲಿಂಗ ಕಟ್ಟಿದವರು. ಕಫಾ ಕೊಡಾಕ ಉಳದವರೆಲ್ಲಾ ಬರ್ತಾರ. ಕೊರಳಾಗ ಕರಡಿಗಿ ಇದ್ದವರು ಒಬ್ಬರನ್ನೂ ನಾ ಕಂಡಿಲ್ಲ. ನಮಗ ಕ್ಷಯ ಆಗಬಾರದಂತ ಶಿವ ಏನರ ಆರ್ಡರ್ ಮಾಡ್ಯಾನೇನು?”

ಕೊಟ್ರೇಶ ನಗುತ್ತಿದ್ದ. ಬಾಬಣ್ಣ ನಗಲಿಲ್ಲ. ಅರ್ಧ ಕುಡಿದ ಚಹಾ ಬಿಟ್ಟು ಎದ್ದು ಎಕ್ಸ್‌ರೇ ಕೋಣೆಗೆ ಹೋದ. ತಾನು ಗುಂಡಿ ಒತ್ತಿ ಕೆಂಪು ಅಳಿಸಿದ ಫಿಲ್ಮುಗಳನ್ನು, ಯಂತ್ರ ಮೊದಲು ಬಳಿದಿದ್ದ ಕೆಂಪಿನ ಸಮೇತ, ಒಂದೊಂದಾಗಿ ತೆರೆದ. ಬಿಳಿ ಮಚ್ಚೆ, ಬಿಳಿ ಮಚ್ಚೆ, ಬಿಳಿ ಮಚ್ಚೆ. ಅವುಗಳ ಹಿಂದೆ ಏನಿದೆಯೆಂದು ಯಂತ್ರಕ್ಕೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ. ವ್ಯತ್ಯಾಸ ಇಷ್ಟೇ. ಯಂತ್ರ ಸಂಶಯ ಪಟ್ಟಿತ್ತು. ಜೀವಮಾನವೆಲ್ಲ ಸಂಶಯದಲ್ಲೇ ಬದುಕಿದ ಬಾಬಣ್ಣ ಅಲ್ಲಿ ಮಾತ್ರ ಸಂಶಯ ಪಡಲಿಲ್ಲ. ಯಂತ್ರ ತಪ್ಪಲಿ ಎಂಬ ಆಸೆ ಅವನಿಗೆ ಅಷ್ಟಿತ್ತು. ಅನ್ನಪೂರ್ಣವ್ವನ ಫಿಲ್ಮು ಬಂದಾಗ ಅವನು ಕುರ್ಚಿಯಿಂದ ಎದ್ದು ನಿಂತ.

ಡಾಕ್ಟರ್ ಸ್ನೇಹಾ ಎದುರು ಅವನು ಸುತ್ತಿಬಳಸಿ ಮಾತಾಡಲಿಲ್ಲ. ಅವರು ಬಹಳ ಹೊತ್ತು ಆ ಕೆಂಪಿನ ಅಂಚನ್ನೇ ನೋಡಿದರು.

“ಇದು ಲಿಂಗದ ಹೊರಗ ಬಂದೈತಲ್ರಿ ಬಾಬಣ್ಣಾ. ಕಾಣಲಿಲ್ಲೇನು?”

“ಕಂಡಿತ್ರಿ ಮೇಡಮ್ಮಾರ.”

“ಕಂಡೂ ಒತ್ತಿದ್ರಿ?”

“ಒತ್ತಿದ್ನಿರಿ.”

ಅವರಿಗೆ ಸಿಟ್ಟು ಬಂತು. ಬಂದ ಸಿಟ್ಟನ್ನು ಹೇಗೆ ಮುಗಿಸಬೇಕೆಂದು ತಿಳಿಯದೆ ಪರದೆಯ ಮೇಲಿನ ಫಿಲ್ಮು ಮುಚ್ಚಿದರು. “ಗುಂಡಿ ಮಾಡಿಸಿದಾಕಿ ನಾನು” ಎಂದರು ಆಮೇಲೆ. “ಒತ್ತಿದ ಮ್ಯಾಲ ಯಾರ ನೋಡಬೇಕು ಅನ್ನೂದನ್ನ ನಾ ವಿಚಾರ ಮಾಡಲಿಲ್ಲ. ಎಲ್ಲಾರನ್ನೂ ವಾಪಸ್ ಕರೀರಿ. ಒಬ್ಬರೂ ಉಳೀಬಾರದು.”

ಉಳಿದವರಿಗೆಲ್ಲ ಆಸ್ಪತ್ರೆಯಿಂದ ಫೋನು ಹೋಯಿತು. ಕೊರ್ಲಹಳ್ಳಿಗೆ ಬಾಬಣ್ಣ ತಾನೇ ಮುಂಡರಗಿಯ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸಿಗೆ ಹೋದ. ಅನ್ನಪೂರ್ಣವ್ವ ಕಟ್ಟೆಯ ಮೇಲೆ ಕುಳಿತಿದ್ದಳು. ಗಟ್ಟಿ ಹೆಂಗಸು ಸೊರಗಿದ್ದಳು. ಕುಪ್ಪಸದ ತೋಳು ಸಡಿಲಾಗಿತ್ತು. ಅವನು ಬಂದ ಕಾರಣ ಹೇಳಿದ.

“ಅವತ್ತ ಏನೂ ಇಲ್ಲ ಅಂದಿ. ಈಗ ಬಾ ಅಂತಿ. ಇದನ್ನ ಹೇಳೂದು ಮಷೀನೋ, ನೀನೋ?”

“ಮಷೀನು ಅವತ್ತ ಹೇಳಿತ್ರಿ ಯವ್ವಾ. ನಾ ಕೇಳಲಿಲ್ಲ.”

“ಮತ್ತ ಅವತ್ತ ಅದು ಖರೆ ಹೇಳ್ತೋ ಸುಳ್ಳ ಹೇಳ್ತೋ?”

“ಅದೂ ಗೊತ್ತಿಲ್ರಿ. ನೋಡಾಕ ಬರೂವಂಗ ಫೋಟೋನ ನಾ ತಗದಿಲ್ಲ.”

ಅವಳು ಅವನ ಮುಖವನ್ನೇ ನೋಡಿದಳು. “ಗೊತ್ತಿಲ್ಲ ಅನ್ನಾಕ ಗದಗದಿಂದ ಬಂದಿಯೇನೋ ಯಪ್ಪಾ?” ಎಂದಳು. ಬೈಗುಳವಾಗಿ ಶುರುವಾದದ್ದು ಕೆಮ್ಮಿನಲ್ಲಿ ಮುಗಿಯಿತು. ಕೆಮ್ಮು ನಿಂತ ಮೇಲೆ ಒಳಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದಳು.

ಕಪಾಟಿನ ಬಟ್ಟೆ ಮತ್ತೆ ಹೊರಬಂತು. ಅನ್ನಪೂರ್ಣವ್ವ ಲಿಂಗವನ್ನು ತಲೆಯ ಮೇಲೆ ಕಟ್ಟಿಕೊಂಡಳು. ಬಾಬಣ್ಣ ಅತ್ತ ತಿರುಗಿ ನಿಂತಿದ್ದ. ಎರಡನೇ ಫೋಟೋದಲ್ಲಿ ಬಿಳಿ ಮಚ್ಚೆ ಇರಲಿಲ್ಲ. ಅದರ ಜಾಗದಿಂದ ಮೇಲಕ್ಕೆ, ಕೊರಳೆಲುಬಿನವರೆಗೆ, ನೆರಳು ಹಬ್ಬಿತ್ತು. ಕಫದಲ್ಲೂ ಕ್ಷಯವೇ ಎಂದು ಕೊಟ್ರೇಶ ಹೇಳಿದ. ಈ ಸಲ ಅವನು ಏನೂ ಚೇಷ್ಟೆ ಮಾಡಲಿಲ್ಲ. ಔಷಧ ಶುರುವಾಯಿತು. ಅನ್ನಪೂರ್ಣವ್ವ ಈಗ ಮೈ ತುಂಬಿಕೊಂಡಿದ್ದಾಳೆ, ಕೆಮ್ಮು ಇಲ್ಲ. ಆದರೆ ಮಳೆಗಾಲವಿಡೀ ಅವಳ ಬಗಲಲ್ಲೇ ಮೊಮ್ಮಗಳು ಮಲಗುತ್ತಿದ್ದಳು. ಆ ಮಗುವಿಗೂ ಬಹಳ ದಿನ ಗುಳಿಗೆ ನುಂಗಿಸಬೇಕಾಯಿತು. ಬಾಬಣ್ಣ ಅದನ್ನು ಮರೆಯಲಿಲ್ಲ.

ಆಮೇಲೆ ಆಸ್ಪತ್ರೆಯಲ್ಲಿ ಕೆಲಸದ ರೀತಿ ಬದಲಾಯಿತು. ಬಟ್ಟೆ ವ್ಯಾನಿನಲ್ಲೂ ಇರತೊಡಗಿತು. ಬಾಬಣ್ಣ ಯಂತ್ರದ ಪರದೆಯನ್ನು ಗೋಡೆಯ ಕಡೆ ತಿರುಗಿಸಿಟ್ಟು ಮೊದಲು ತಾನು ಫಿಲ್ಮು ನೋಡಿ, ತನಗೆ ಕಂಡದ್ದನ್ನು ನರ್ಸ್ ಅಂಕಿತಾಳಿಗೆ ಬಾಯಿಬಿಟ್ಟು ಹೇಳುತ್ತಿದ್ದ. ಆಮೇಲೆ ಪರದೆ ತಿರುಗಿಸುತ್ತಿದ್ದ. ಅವನ ಮಾತು, ಯಂತ್ರದ ಮಾತು ಕೂಡದಿದ್ದರೆ ಡಾಕ್ಟರ್ ಸ್ನೇಹಾ ನೋಡಬೇಕು. ಕೆಂಪನ್ನು ಅಳಿಸುವುದಾದರೂ ಅವರೇ ಅಳಿಸಬೇಕು, ಎರಡನೇ ಫೋಟೋ ಕಂಡ ಮೇಲೆ. ಯಂತ್ರವನ್ನು ನಂಬಿದನೇ ಎಂದರೆ ಇಲ್ಲ. ‘ಕುರುಡಪ್ಪ’ ಎನ್ನುವುದನ್ನು ಬಿಟ್ಟ, ಅಷ್ಟೇ. ತನ್ನ ಮೇಲೆ ಅವನಿಗಿದ್ದ ನಂಬಿಕೆಯೂ ಹೋಗಿತ್ತು. “ಅದನ್ನ ಕಾಯಾಕ ನಾನು. ನನ್ನ ಕಾಯಾಕ ಯಾರರ ಬೇಕಲ್ಲ, ಅದಕ್ಕ ನೀನು” ಎನ್ನುತ್ತಿದ್ದ ಅಂಕಿತಾಳಿಗೆ.

ಇಲ್ಲಿಗೆ ಮುಗಿದಿದ್ದರೆ ಬಾಬಣ್ಣ ನೆಮ್ಮದಿಯಿಂದ ಇರುತ್ತಿದ್ದ. ಈ ವರ್ಷ ಬೇಸಿಗೆಯ ಹೊತ್ತಿಗೆ ಕಿಶೋರ ಮತ್ತೆ ಬಂದ, ಪೇಢೆ ತಂದಿದ್ದ.

“ಬಾಬಣ್ಣಾರ, ಹೊಸಾ ಆವೃತ್ತಿ ಬಂದೈತ್ರಿ. ಈಗ ಇದಕ್ಕ ಲಿಂಗ ಗೊತ್ತಾಗತೈತಿ! ಕರಡಿಗಿ ಕಂಡ್ರ ತಾನ ಬಿಟ್ಟು ಬಿಡತೈತಿ. ಗುಂಡೀನೂ ಒತ್ತೂದು ಬ್ಯಾಡ, ಅರಿವೀನೂ ಕಟ್ಟೂದು ಬ್ಯಾಡ.”

ಬಾಬಣ್ಣ ಪೇಢೆ ಕೈಯಲ್ಲೇ ಹಿಡಿದುಕೊಂಡ. “ಯಾರ ಕಲಿಸಿದ್ರು ಅದಕ್ಕ?”

“ನೀವ ಕಲಿಸೀರಲ್ರಿ! ಕ್ಯಾಂಪಿನಾಗ ನೀವು ಗುಂಡಿ ಒತ್ತಿದ್ದೆಲ್ಲಾ ನಮ್ಮ ಕಡೆ ಬಂದೈತಿ. ಅದನ್ನ ನೋಡೇ ಕಲತೈತಿ. ನಿಮ್ಮ ಹೆಸರು ಹೇಳಾಕತ್ತಾರ ನಮ್ಮ ಆಫೀಸಿನ್ಯಾಗ.”

ಅವನು ಪೇಢೆಯನ್ನು ಮೇಜಿನ ಮೇಲಿಟ್ಟ. ಅನ್ನಪೂರ್ಣವ್ವನ ಮೇಲೆ ಒತ್ತಿದ್ದೂ ಅದರಲ್ಲಿ ಇದೆಯೇ ಎಂದು ಕೇಳಿದ. ಇರಬಹುದು ಎಂದ ಕಿಶೋರ. ತೆಗೆಸಬಹುದೇ ಎಂದು ಕೇಳಿದ. ಆಫೀಸಿನಲ್ಲಿ ಕೇಳಬೇಕು ಎಂದ ಕಿಶೋರ. ತರುಣನ ನಗುಮುಖ ಅಂದು ಮೊದಲ ಸಲ ಬಾಡಿತು. ಅವನು ಕೆಟ್ಟವನಲ್ಲ, ಒಳ್ಳೆಯ ಸುದ್ದಿ ತಂದಿದ್ದೇನೆಂದೇ ತಿಳಿದಿದ್ದ.

ಡಾಕ್ಟರ್ ಸ್ನೇಹಾ ತಮ್ಮ ಆಸ್ಪತ್ರೆಯಲ್ಲಿ ಆ ಹೊಸ ಅನುಕೂಲವನ್ನು ಅಂದೇ ಬಂದ್ ಮಾಡಿಸಿದರು. ಕಂಪನಿಗೆ ನಡೆದದ್ದನ್ನೆಲ್ಲ ಬರೆದರು. ಪರಿಶೀಲಿಸುತ್ತೇವೆ ಎಂದು ಉತ್ತರ ಬಂತು. ಮತ್ತೆ ಬರೆದರು, ಅದೇ ಉತ್ತರ ಬಂತು. ಇಲ್ಲಿ ಬಂದ್ ಆಯಿತು. ಬೇರೆ ಊರುಗಳಲ್ಲಿ? ಯಾವ ಊರಿನ ವ್ಯಾನಿನಲ್ಲಿ ಯಾರ ಎದೆಯ ಮೇಲೆ ಆ ಯಂತ್ರ ಬಾಬಣ್ಣನ ಬೆರಳಾಗಿ ಗುಂಡಿ ಒತ್ತುತ್ತಿದೆಯೋ ಯಾರಿಗೆ ಗೊತ್ತು. ಅವನು ಬಸ್ಸಿನಲ್ಲಿ ಪಕ್ಕದವರು ಕೆಮ್ಮಿದರೆ ಕೊರಳು ನೋಡತೊಡಗಿದ. ರೋಹಿಣಿ ರೊಟ್ಟಿ ಬಡಿಸಿದರೆ ಬೆಳಕಿಗೆ ಹಿಡಿಯುವುದನ್ನು ಮರೆತು ಸುಮ್ಮನೆ ತಿನ್ನುತ್ತಿದ್ದ. ಅವಳಿಗೆ ಅದೇ ಭಯ ಹುಟ್ಟಿಸಿತ್ತು.

ತೀರಿಕೊಳ್ಳುವ ಹಿಂದಿನ ದಿನ, ಸೋಮವಾರ ಮಧ್ಯಾಹ್ನ, ಲಕ್ಷ್ಮೇಶ್ವರದ ಅಂದಾನಪ್ಪನವರು ಬಂದರು. ಕಿರಾಣಿ ವ್ಯಾಪಾರದ ಹಿರಿಯರು. ಕೆಮ್ಮು ಬಿಟ್ಟಿರಲಿಲ್ಲ. ಬೇರೆ ಕಡೆಯ ಶಿಬಿರದಲ್ಲಿ ಬೇರೆಯವರು ತೆಗೆದ ಎಕ್ಸ್‌ರೇ ಅವರ ಫೋನಿನಲ್ಲೇ ಇತ್ತು. ಎದೆಯ ನಡುವೆ ಬಿಳಿ ಮಚ್ಚೆ, ಕೆಳಗೆ ಯಂತ್ರದ ಮಾತು: ದೋಷವಿಲ್ಲ. ಬಾಬಣ್ಣ ಆ ಫೋನನ್ನು ಕಿಟಕಿಯ ಬೆಳಕಿಗೆ ಹಿಡಿದ. ಅದರಿಂದ ಉಪಯೋಗವಿಲ್ಲವೆಂದು ಅವನಿಗೂ ಗೊತ್ತಿತ್ತು. ಆಮೇಲೆ ಅವರ ಕೈಗೆ ಬಿಳಿ ಬಟ್ಟೆ ಕೊಟ್ಟ.

“ಇದೆದಕ್ಕೋ? ಏನೂ ಇಲ್ಲಂತ ಕಂಪ್ಯೂಟರ ಬರದ ಕೊಟ್ಟೈತಿ. ಅಂಗಡಿ ಬಿಟ್ಟ ಬಂದೇನಿ ನಾನು.”

“ಅದು ಬರದಿದ್ದು ಖರೆ ಐತೋ ಇಲ್ಲೋ ನೋಡೂಣ್ರಿ ಅಜ್ಜಾರ.”

“ಕಂಪ್ಯೂಟರಿಗಿಂತ ಶಾಣ್ಯಾ ಏನು ನೀನು?”

“ಇಲ್ರಿ. ಅದಕ್ಕ ಕಲಿಸಿದಾಂವ ಎಂಥಾಂವ ಅನ್ನೂದು ನನಗ ಗೊತ್ತೈತಿ, ಅದಕ್ಕ ಹೇಳಿದೆ.”

ಅಂದಾನಪ್ಪನವರು ಗೊಣಗುತ್ತಲೇ ಕರಡಿಗೆಯನ್ನು ಹಣೆಗೆ ಮುಟ್ಟಿಸಿ ತಲೆಯ ಮೇಲಿಟ್ಟು ಬಟ್ಟೆ ಸುತ್ತಿಕೊಂಡರು. ಬಾಬಣ್ಣ ಅತ್ತ ತಿರುಗಿ ನಿಂತಿದ್ದ. ಫೋಟೋ ಬಂತು. ಪರದೆ ಗೋಡೆಯ ಕಡೆಗಿತ್ತು. ಅವನು ಬಹಳ ಹೊತ್ತು ನೋಡಿದ. ಎಡಗಡೆ, ಬಲಗಡೆ, ಕೊರಳೆಲುಬಿನ ಮೇಲೆ, ಹೃದಯದ ಹಿಂದೆ. “ಏನೂ ಕಾಣವಲ್ದು” ಎಂದ. ಅಂಕಿತಾ ಪರದೆ ತಿರುಗಿಸಿದಳು. ಕೆಂಪು ಇರಲಿಲ್ಲ. ಡಾಕ್ಟರ್ ಸ್ನೇಹಾ ನೋಡಿ ಅವರೂ ಹಾಗೇ ಹೇಳಿದರು. ಅಂದಾನಪ್ಪನವರದು ಬೀಡಿಯ ಕೆಮ್ಮು.

“ನಾ ಹೇಳಲಿಲ್ಲೇನು?” ಎಂದರು ಅವರು ಬಟ್ಟೆ ಬಿಚ್ಚುತ್ತ.

“ಹೇಳಿದ್ರಿ. ಈಗ ನಾನೂ ಹೇಳ್ತೀನಿ. ಏನೂ ಇಲ್ರಿ, ಆರಾಮ ಹೋಗಿ ಬರ್ರಿ.”

ಸಂಜೆ ಎಲ್ಲರೂ ಹೊರಟ ಮೇಲೆ ಬಾಬಣ್ಣ ಆ ಬಟ್ಟೆಯನ್ನು ನಳದ ಕೆಳಗೆ ಒಗೆದ. ಹಿಂಡಿದ, ಕೊಡವಿದ. ಎರಡೂ ಕೈಯಲ್ಲಿ ಅಗಲಿಸಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಎಕ್ಸ್‌ರೇ ಕೋಣೆಯ ಕಿಟಕಿಯ ಸರಳಿಗೆ ಒಣಹಾಕಿ ಮನೆಗೆ ನಡೆದ.